ಕರುಳಿನ ಪೆಟ್ಟಿಗೆಯಲ್ಲಿ ಮೊಸರು

ಹಸಿದವರನ್ನು ಕಂಡರೆ ಎಲ್ಲರಿಗೂ ಕರುಣೆ ಬರುತ್ತದೆ. ನನಗೆ ಹೊಟ್ಟೆ ತುಂಬಿದವರನ್ನು ಕಂಡರೂ ಬರುತ್ತದೆ. ಅದೇ ನನ್ನ ರೋಗ. ರಬಕವಿಯ ನಮ್ಮ ಮನೆಗೆ ಕರೆಂಟ್ ಬಿಲ್ ಕೊಡಲು ಬಂದವನೂ ರೊಟ್ಟಿ ತಿನ್ನದೆ ಹೋಗಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ಕುಳಿತ ನನಗೆ ಸೀರೆ ನೇಯುವುದು, ಉಣಿಸುವುದು ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಎರಡನೆಯ ವಿದ್ಯೆಯಿಂದ ತಂಗಿ ಶೈಲಾಳ ನೌಕರಿಗೇ ಕುತ್ತು ತಂದೆ.

ಶೈಲಾ ಜಮಖಂಡಿಯ ಒಂದು ಪ್ರಯೋಗಶಾಲೆಯಲ್ಲಿ ಕರುಳು ಬೆಳೆಸುತ್ತಾಳೆ. ಆಡಿನ ಕರುಳಿನ ಗೋಡೆಯಲ್ಲಿ ಸಣ್ಣ ಸಣ್ಣ ತಗ್ಗುಗಳಿವೆಯಂತೆ. ಅವುಗಳ ತಳದಲ್ಲಿರುವ ಮೂಲಕೋಶಗಳು ಸವೆದ ಕರುಳಿಗೆ ಹೊಸ ಪದರ ಕೊಡುತ್ತಲೇ ಇರುತ್ತವಂತೆ. ಅವನ್ನು ಬಿಡಿಸಿ, ಲೋಳೆಯಂಥ ಅಂಟಿನಲ್ಲಿ ಹುದುಗಿಸಿ, ಗುಲಾಬಿ ಬಣ್ಣದ ನೀರು ಉಣಿಸಿದರೆ ಸಾಸಿವೆಗಿಂತ ಚಿಕ್ಕ ಕರುಳುಂಡೆಗಳಾಗುತ್ತವೆ. ಆ ಕರುಳಿಗಾಗಿ ಲಿಂಗ ಕಟ್ಟಿಕೊಂಡ ಮನೆಯ ನಮ್ಮ ಹುಡುಗಿ ಮಟನ್ ಅಂಗಡಿಗೆ ಹೋಗುತ್ತಾಳೆ! ಅವ್ವನಿಗೆ ಹೇಳಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ.

ಕಳೆದ ಚಳಿಗಾಲದ ಒಂದು ಭಾನುವಾರ ಅವಳ ಜೊತೆ ಲ್ಯಾಬಿಗೆ ಹೋಗಿ ಸೂಕ್ಷ್ಮದರ್ಶಕದಲ್ಲಿ ಇಣುಕಿದೆ. ಮೈತುಂಬ ಮೊಗ್ಗು ಬಿಟ್ಟ ಮುದ್ದಾದ ಉಂಡೆಗಳು.

"ಇವಕ್ಕ ಬಾಯಿ ಎಲ್ಲೈತಿ?"

"ಉಣ್ಣೂ ಕಡಿ ಒಳಗೈತಿ ಅಕ್ಕಾ. ಹೊರಗ ಬರೇ ಬೆನ್ನು."

ಬಾಯಿ ಒಳಗಿಟ್ಟುಕೊಂಡು ಹುಟ್ಟಿದ ಕೂಸುಗಳು! ನನ್ನ ಕಣ್ಣು ತುಂಬಿತು.

"ಬುಧವಾರ ಲ್ಯಾಬಿನ ಮೇಡಂಗ ತೋರಸಬೇಕು. ಛಲೋ ಇದ್ರ ಕೆಲಸ ಮುಂದುವರಿಸ್ತಾರ. ಇಲ್ಲಂದ್ರ ನಿನ್ನ ಬಾಜೂ ಮಗ್ಗಕ್ಕ ಬಂದು ಕುಂದರತೇನಿ," ಎಂದಳು. ಕರುಳುಂಡೆಗಳ ತಟ್ಟೆಗಳನ್ನಿಡುವ ಪೆಟ್ಟಿಗೆ ಸದಾ ನಮ್ಮ ಹೊಟ್ಟೆಯಷ್ಟೇ ಬೆಚ್ಚಗಿರುತ್ತದೆ ಎಂದು ತೋರಿಸಿ, ಕೈ ತೊಳೆಯಲು ಹೋದಳು.

ಚಳಿಗೆ ಅವಳ ರೂಮಿನಲ್ಲಿ ಹಾಲು ಹೆಪ್ಪಾಗುತ್ತಿರಲಿಲ್ಲ. ಹುಡುಗಿ ಮೊಸರಿಲ್ಲದೆ ಸೊರಗಿದ್ದಳು. ನನ್ನ ಚೀಲದಲ್ಲಿ ಹೆಪ್ಪು ಹಾಕಿದ ಹಾಲಿನ ಡಬ್ಬಿ ಇತ್ತು. ಬೆಚ್ಚನೆಯ ಪೆಟ್ಟಿಗೆ ಎದುರಿಗಿತ್ತು. ಮುಂದಿನದನ್ನು ನನ್ನ ಕೈಗಳೇ ಮಾಡಿದವು. ಹೊರಡುವಾಗ ತೆಗೆದು ಅವಳನ್ನು ಬೆರಗುಗೊಳಿಸೋಣವೆಂದಿದ್ದೆ. ಬಸ್ಸಿನ ಗಡಿಬಿಡಿಯಲ್ಲಿ ಮರೆತೆ.

ಮರುದಿನ ಫೋನ್ ಬಂತು.

"ಅಕ್ಕಾ, ಪೆಟ್ಟಿಗ್ಯಾಗ ಡಬ್ಬಿ ಯಾಕೈತಿ?"

ತಪ್ಪಾಯಿತು ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು: "ಹೆಪ್ಪಾಗೇತೇನ?"

"ಗಟ್ಟಿ ಆಗೇತಿ! ಸುತ್ತ ಚೆಲ್ಲೇತಿ! ಹೆಪ್ಪಿನ ಹುಳ ಹೊಕ್ಕು ನನ್ನ ತಟ್ಟಿ ಎಲ್ಲಾ ಕೆಟ್ಟು ಹೋಗ್ಯಾವ!" ಎಂದು ಅತ್ತಳು. ಅವತ್ತು ನಾನು ನೇಯ್ದ ಸೀರೆಯ ಅಂಚು ಹಾವಿನಂತೆ ಅಂಕುಡೊಂಕಾಗಿದೆ.

ಮೇಡಂ ಪುಣ್ಯಾತ್ಗಿತ್ತಿ. ತಿಂಗಳೊಳಗೆ ಮತ್ತೆ ಬೆಳೆಸಿ ತೋರಿಸು, ಇದೇ ಕೊನೆ ಎಂದರು. ಪ್ರಾಯಶ್ಚಿತ್ತಕ್ಕೆಂದು ನಾನೇ ಸೆರಗು ಮುಖದವರೆಗೆ ಎಳೆದುಕೊಂಡು, ಐಸ್ ಡಬ್ಬಿ ಹಿಡಿದು ಶೈಲಾಳ ಹಿಂದೆ ಮಟನ್ ಅಂಗಡಿಗೆ ನಡೆದೆ.

"ಎಷ್ಟು ಕಿಲೋ ರೀ ಅಕ್ಕಾರ?" ಎಂದ ಅಂಗಡಿಯವನು.

"ಗೇಣುದ್ದ ಕರುಳು ಸಾಕ್ರಿ," ಎಂದಳು ಶೈಲಾ.

"ಗೇಣು? ಮನ್ಯಾಗ ಬೆಕ್ಕಷ್ಟ ಉಣ್ಣಾವ್ರೇನ್ರಿ?"

ಅವನು ಕರುಳು ಎತ್ತಿ ಹಿಡಿದ. ನಾನು ಸುಮ್ಮನಿರಬೇಕಿತ್ತು.

"ಈ ಆಡು ಮುಂಜಾನಿ ಏನರ ತಿಂದಿತ್ತೇನ್ರಿ?" ಎಂದು ಕೇಳಿಯೇಬಿಟ್ಟೆ.

ಶೈಲಾ ನನ್ನ ಹೆಗಲಿನ ಚೀಲ ಕಸಿದು, ಒಳಗೆ ಮತ್ತೆ ಯಾವುದಾದರೂ ಡಬ್ಬಿ ಇದೆಯೇ ಎಂದು ಕೈಯಾಡಿಸಿದಳು.

ಇತ್ತು. ಮೇಡಂಗೆ ಶೇಂಗಾ ಹೋಳಿಗೆ.