ಟೆಸ್ಟಿಂಗ್ ಮಾವನ ಮುಯ್ಯಿ

ಮದುವೆ ಫೋಟೋ ತೆಗೆಯುವವನಿಗೆ ನಗುವುದಕ್ಕೆ ಯಾವ ಸೀಸನ್ನಿನಲ್ಲೂ ಬರವಿಲ್ಲ. ಕಷ್ಟವೆಂದರೆ, ನಕ್ಕರೆ ಕ್ಯಾಮೆರಾ ಅಲ್ಲಾಡುತ್ತದೆ.

ಕೊಪ್ಪದಲ್ಲಿ ನನ್ನದೊಂದು ಸ್ಟುಡಿಯೋ. ಮೊದಲೆಲ್ಲ ಮುಯ್ಯಿ ಎಂದರೆ ಕವರು. ಕೊಡುವವರು ಒಂದು ತುದಿ, ಮದುಮಗ ಇನ್ನೊಂದು ತುದಿ ಹಿಡಿದು ನನ್ನ ಕಡೆ ನೋಡುತ್ತಿದ್ದರು. ನಾನು ಕ್ಲಿಕ್ ಮಾಡುವವರೆಗೆ ಇಬ್ಬರೂ ಬಿಡುತ್ತಿರಲಿಲ್ಲ. ಈಗ ಫೋನಿನಲ್ಲೇ ಎಲ್ಲ. ನನ್ನ ಮಗಳ ಮದುವೆ ಬೇರೆ ಹತ್ತಿರ ಬಂದಿತ್ತು. ಮೂರು ತಾಲೂಕಿನ ಮದುವೆಗಳಿಗೆ ನಾವು ಕೊಟ್ಟ ಮುಯ್ಯಿ ತಿರುಗಿ ಬರುತ್ತದೋ ಇಲ್ಲವೋ ಎಂಬುದು ನನ್ನ ಹೆಂಡತಿಯ ಚಿಂತೆ. ನನಗೂ ಇತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಕೂಗುವ ಡಬ್ಬಿ

ನರಸಿಂಹರಾಜಪುರದ ಒಂದು ಮದುವೆ. ಹೆಣ್ಣಿನ ಸೋದರಮಾವ ದಿನಸಿ ಅಂಗಡಿಯವರು. ದುಡ್ಡು ಬಂದರೆ ಕೂಗಿ ಹೇಳುವ ಅಂಗಡಿಯ ಡಬ್ಬಿಯನ್ನೇ ತಂದು, ಸ್ಕ್ಯಾನರ್ ಸಮೇತ ಮದುಮಕ್ಕಳ ಪಕ್ಕ ಇಟ್ಟರು. ಓಲಗದವರ ಮೈಕೂ ಅಲ್ಲೇ ಇತ್ತು.

ಮೊದಲನೆಯವರು ಸ್ಕ್ಯಾನ್ ಮಾಡಿದರು. "ನೂರಾ ಒಂದು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಡಬ್ಬಿ ಊಟದ ಹಾಲಿನವರೆಗೂ ಸಾರಿತು. ಸಾಲಿನಲ್ಲಿದ್ದ ಅರ್ಧ ಜನ, "ಊಟ ಮಾಡಿಕೊಂಡೇ ಬರೋಣ" ಎಂದು ಇಳಿದು ಹೋದರು.

ಆಮೇಲೆ ಬಂದವರು ಕಾಫಿ ತೋಟದ ಒಬ್ಬ ಯಜಮಾನರು. ಯಾರಿಗೇ ಕಳಿಸಲಿ, ಮೊದಲು ಒಂದು ರೂಪಾಯಿ ಹಾಕಿ ನೋಡುವುದು ಅವರ ಅಭ್ಯಾಸ.

"ಒಂದು ರೂಪಾಯಿ ಸ್ವೀಕರಿಸಲಾಗಿದೆ."

ಇಡೀ ಸಭೆ ತಿರುಗಿ ನೋಡಿತು. "ಟೆಸ್ಟಿಂಗ್ ಮಾರಾಯ್ರೆ, ಅದು ಟೆಸ್ಟಿಂಗ್!" ಎಂದು ಯಜಮಾನರು ಕೈಯೆತ್ತಿ ಕೂಗಿದರು. ಉಳಿದದ್ದು ಹಾಕಲು ಹೋದರೆ ಸರ್ವರ್ ಡೌನ್. ಅವತ್ತಿನಿಂದ ಅವರು ಊರಿಗೆಲ್ಲ ಟೆಸ್ಟಿಂಗ್ ಮಾವ.

ಪಾಪ, ಮರುದಿನ ಐದು ಸಾವಿರ ಕಳಿಸಿದರಂತೆ. ಅಷ್ಟರಲ್ಲಿ ಡಬ್ಬಿ ಅಂಗಡಿಗೆ ವಾಪಸಾಗಿತ್ತು. ಕೇಳಿಸಿಕೊಂಡವರು ಸಕ್ಕರೆ ತಗೊಳ್ಳಲು ಬಂದ ಒಬ್ಬ ಅಜ್ಜಿ ಮಾತ್ರ.

ಅರಿಶಿನದ ಕಲೆ

ಕೆರೆಕಟ್ಟೆಯ ಮದುವೆಯಲ್ಲಿ ನೆಟ್‌ವರ್ಕೇ ಇರಲಿಲ್ಲ. ಬಂದವರೆಲ್ಲ, "ಶೃಂಗೇರಿ ಮುಟ್ಟಿದ ಕೂಡಲೇ ಹಾಕ್ತೀನಿ" ಎಂದು ಮದುಮಗನ ಕೈ ಕುಲುಕಿದರು. ಆದರೆ ಫೋಟೋಕ್ಕೆ ಬರಿಗೈಯಲ್ಲಿ ನಿಲ್ಲಲು ಯಾರಿಗೂ ಮನಸ್ಸಿಲ್ಲ.

"ಎಂತ ಮಾರಾಯ, ಊಟಕ್ಕೇ ಬಂದ ಹಾಗೆ ಕಾಣ್ತದಲ್ಲ" ಎಂದರು ಒಬ್ಬರು.

ಪಾಸ್‌ಪೋರ್ಟ್ ಫೋಟೋಕ್ಕೆಂದು ಸ್ಟುಡಿಯೋದಲ್ಲಿ ಒಂದು ಕೋಟು ಇಡುತ್ತೇವಲ್ಲ, ಹಾಗೆ ನಾನು ಬ್ಯಾಗಿನಿಂದ ಒಂದು ಖಾಲಿ ಕವರು ತೆಗೆದು ಕೊಟ್ಟೆ. ಎಲ್ಲರೂ ಅದನ್ನೇ ಕೊಟ್ಟರು. ಮದುಮಗಳು ತೆಗೆದುಕೊಳ್ಳುವುದು, ಸಾಲಿನಲ್ಲಿ ಹಿಂದಿದ್ದವರಿಗೆ ದಾಟಿಸುವುದು. ನಡುವೆ ಅವಳ ಕೈಯ ಅರಿಶಿನ ಕವರಿಗೆ ಅಂಟಿತು.

ಆಲ್ಬಂ ನೋಡಿದ ಮದುಮಗನ ಅಜ್ಜಿ ನನ್ನನ್ನೇ ಕೇಳಿದರು: "ಅಲ್ಲ ಮಾಣಿ, ಎಲ್ಲರ ಕವರಿಗೂ ಒಂದೇ ಬದಿಗೆ ಅರಿಶಿನ ಹಚ್ಚಿದ್ದಾರಲ್ಲ, ಇದು ಎಂತ ಹೊಸ ಶಾಸ್ತ್ರ?"

ನಮ್ಮನೆ ಮದುವೆ

ಆ ಕವರು ಆಮೇಲೆ ಎಷ್ಟೋ ಮದುವೆ ಮಾಡಿತು. ಮಗಳ ಮದುವೆಗೆ ಮಾತ್ರ ಅದನ್ನು ಸ್ಟುಡಿಯೋದಲ್ಲೇ ಇಟ್ಟು ಬೀಗ ಹಾಕಿದೆ. ಅವತ್ತು ಕ್ಯಾಮೆರಾ, ಸ್ಟುಡಿಯೋದಲ್ಲಿ ನನ್ನ ಜೊತೆಗೇ ಕೆಲಸ ಮಾಡುವ ಹೆಂಡತಿಯ ತಮ್ಮನ ಕೈಯಲ್ಲಿ.

ಬೆಳಗ್ಗೆಯೇ ಕರೆಂಟು ಹೋಯಿತು, ಹಿಂದೆಯೇ ಟವರೂ ಮಲಗಿತು. "ಮನೆಗೆ ಹೋಗಿ ಹಾಕ್ತೀನಿ" ಎಂಬ ಮಾತು ಕೇಳಿ ಕೇಳಿ ನಾನು ಎಣಿಸುವುದನ್ನೇ ಬಿಟ್ಟಿದ್ದೆ. ಆಗ ಬಂದರು ನೋಡಿ, ಟೆಸ್ಟಿಂಗ್ ಮಾವ! ಹೆಸರು ತೊಳೆದುಕೊಳ್ಳಲೆಂದೇ ದಪ್ಪನೆಯ ಕವರು ತಂದಿದ್ದರು. "ಮಾರಾಯ, ಇದು ಟೆಸ್ಟಿಂಗ್ ಅಲ್ಲ. ಒಳ್ಳೆ ಫೋಟೋ ಬೇಕು, ಊರಿಗೆಲ್ಲ ತೋರಿಸ್ಬೇಕು" ಎಂದು ನನ್ನ ಕಿವಿಯಲ್ಲಿ ಹೇಳಿ ವೇದಿಕೆ ಹತ್ತಿದರು. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅಡಿಗೆಯವರು ಕರೆದರು, ಹೋದೆ.

ಮೂರನೇ ದಿನ ಹೆಂಡತಿ ಕೇಳಿದಳು, "ಮಾವನ ಕವರು ಎಲ್ಲಿ?"

"ಆ ಕವರಾ ಭಾವ?" ಎಂದ ಅವಳ ತಮ್ಮ. "ನೀವೇ ಅವರ ಕೈಲಿ ಫೋಟೋಕ್ಕೆ ಕಳಿಸಿದ್ದು ಅಂದ್ಕೊಂಡೆ. ಎಲ್ಲರ ಕೈಗೂ ಅದನ್ನೇ ಕೊಟ್ಟು ಹೊಡೆದೆ. ನಿನ್ನೆ ಮೆಣಸೆ ಊರಿನ ಮದುವೆಗೂ ಒಯ್ದಿದ್ದೆ. ಕಡೆಗೆ ಮದುಮಗ ಜೇಬಿಗೆ ಹಾಕ್ಕೊಂಡ. ಒಳಗೆ ಬರೀ ಪೇಪರು ತಾನೆ ಅಂತ ಸುಮ್ಮನಾದೆ."

ಹೆಂಡತಿ ಗೋಡೆಗೆ ಒರಗಿದಳು. ನಾನು ಫೋಟೋ ನೋಡುತ್ತಾ ಹೋದೆ. ಮೂರು ತಾಲೂಕಿನ ಬಂಧುಬಳಗ ಒಬ್ಬರ ಹಿಂದೆ ಒಬ್ಬರು ನಗುನಗುತ್ತಾ ಅದೇ ದಪ್ಪನೆಯ ಕವರು ಕೊಡುತ್ತಿದ್ದರು. ಫೋಟೋದ ಸಾಕ್ಷಿ ಇರುವಾಗ ಇಷ್ಟೂ ಜನಕ್ಕೆ ಇನ್ನು ನಾವು ಮುಯ್ಯಿ ತೀರಿಸಬೇಕು! ಎಷ್ಟು ಹುಡುಕಿದರೂ ಒಬ್ಬರ ಮುಖ ಮಾತ್ರ ಕಾಣಲಿಲ್ಲ.

"ಮಾವನ ಫೋಟೋ ಎಲ್ಲೋ?"

"ಅವರದ್ದು ತೆಗೀಲೇ ಇಲ್ಲ ಭಾವ" ಎಂದ. "ಟೆಸ್ಟಿಂಗ್ ಅಂದ್ಕೊಂಡೆ."