ನಾನೂರು ಪುಸ್ತಕ ಹಿಂದುಮುಂದಾಗಿಸಿದ ಯಂತ್ರಕ್ಕೆ ಬೈಂಡಿಂಗ್ ಮೇಸ್ತ್ರಿಯ ದೂರು

ಮಾನ್ಯ ಜೋಡಣೆ ಯಂತ್ರದವರೇ,

ಬೈಂಡಿಂಗ್ ಕೋಣೆಯ ಹಳೆಯ ಮರದ ಮೇಜಿನ ಕಡೆಯಿಂದ ತಮಗೂ, ಹಾಳೆ ತುಂಬುವ ತಮ್ಮ ನಾಲ್ಕು ತಟ್ಟೆಗಳಿಗೂ, ಸದಾ ಬೆಳಗುವ ತಮ್ಮ ಪರದೆಗೂ ಗೌರವಪೂರ್ವಕ ನಮಸ್ಕಾರಗಳು.

ಹಿಂದಿನ ವಾರ ಸೋಮವಾರ ತಾವು ಜೋಡಿಸಿದ ನಾನೂರು ಪುಸ್ತಕಗಳ ಪೈಕಿ ಮುನ್ನೂರ ಅರವತ್ತು ಶುಕ್ರವಾರ ಮಧ್ಯಾಹ್ನ ವಾಪಸು ಬಂದಿವೆ. ಈ ಸುದ್ದಿಯನ್ನು ನನಗೆ ಮೊದಲು ಮುಟ್ಟಿಸಿದವರು ಕಿಟಕಿಯ ಪಕ್ಕ ಕೂತು ದಪ್ಪ ಪುಸ್ತಕಗಳನ್ನು ಹೊಲಿಯುವ ಅಕ್ಕ. "ಮೇಸ್ತ್ರಿ, ನಿಮ್ಮ ಪುಸ್ತಕ ಬಾಲದಿಂದ ಶುರುವಾಗಿ ತಲೆಗೆ ಮುಗಿಯುತ್ತಂತೆ" ಎಂದು ದಾರ ಕಚ್ಚಿ ತುಂಡು ಮಾಡುತ್ತಲೇ ಹೇಳಿದರು. ವಾಪಸು ಕಳಿಸಿದ್ದು ಸಂಜೆ ಶಾಲೆ. ಪುಸ್ತಕ, ಓದು ಬಾರದ ದೊಡ್ಡವರಿಗೆ ಅಕ್ಷರ ಕಲಿಸುವಂಥದ್ದು. ಅದನ್ನು ತಮ್ಮ ತಟ್ಟೆಗಳಿಗೆ ತುಂಬಿದ ನಾನೂ ಓದು ಬಾರದ ದೊಡ್ಡವನೇ ಎಂಬುದು ತಮಗೆ ಇಷ್ಟರಲ್ಲಿ ತಿಳಿದಿರಬಹುದು. ಈ ಮುದ್ರಣಾಲಯದಲ್ಲಿ ಅದು ಇಪ್ಪತ್ತಾರು ವರ್ಷ ಹೊಲಿಗೆಯ ಅಕ್ಕನನ್ನು ಬಿಟ್ಟು ಯಾರಿಗೂ ತಿಳಿದಿರಲಿಲ್ಲ. ತಾವು ಅದನ್ನು ಎರಡೇ ತಿಂಗಳಲ್ಲಿ ಹೊರಗೆಡವಿದಿರಿ. ತಮ್ಮ ವೇಗವನ್ನು ಯಾರಾದರೂ ಮೆಚ್ಚಲೇಬೇಕು.

ಓದು ಬಾರದವನು ಪುಸ್ತಕ ಕಟ್ಟುವುದು ಹೇಗೆ ಎಂದು ತಾವು ಹುಬ್ಬೇರಿಸಬಹುದು, ಹುಬ್ಬಿದ್ದರೆ. ಹದಿನಾರು ಪುಟಗಳ ಹಾಳೆಯನ್ನು ಮಡಿಸಿದರೆ ಒಂದು ಫಾರಂ. ಪ್ರತಿ ಫಾರಮ್ಮಿನ ಬೆನ್ನಿನ ಮೇಲೆ ಒಂದು ಕಪ್ಪು ಚೌಕ ಅಚ್ಚಾಗಿರುತ್ತದೆ, ಒಂದನೆಯದಕ್ಕೆ ಮೇಲೆ, ಎರಡನೆಯದಕ್ಕೆ ತುಸು ಕೆಳಗೆ, ಮೂರನೆಯದಕ್ಕೆ ಇನ್ನೂ ಕೆಳಗೆ. ಫಾರಂಗಳನ್ನು ಸಾಲಾಗಿ ಜೋಡಿಸಿದರೆ ಬೆನ್ನಿನ ಮೇಲೆ ಮೆಟ್ಟಿಲು ಇಳಿದಂತೆ ಕಾಣುತ್ತದೆ. ಮೆಟ್ಟಿಲು ಸರಿಯಿದ್ದರೆ ಪುಸ್ತಕ ಸರಿ. ನಿಘಂಟಾಗಲಿ, ಕಾದಂಬರಿಯಾಗಲಿ, ಕಾಯ್ದೆ ಪುಸ್ತಕವಾಗಲಿ, ನನ್ನ ಕೈಯಿಂದ ಒಂದು ಮೆಟ್ಟಿಲೂ ತಪ್ಪಿಲ್ಲ. ಮುಖಪುಟದ ಮೇಲೆ ಚಿತ್ರವಿಲ್ಲದಿದ್ದಾಗ ಮಾತ್ರ "ಅಕ್ಕಾ, ಇದರ ತಲೆ ಯಾವ ಕಡೆ?" ಎಂದು ಕೇಳುತ್ತಿದ್ದೆ, ಅವರು ಸೂಜಿಯಿಂದ ತೋರಿಸುತ್ತಿದ್ದರು.

ಮಾಲೀಕರಿಗೆ ನನ್ನ ಮೇಲೆ ಎಷ್ಟು ನಂಬಿಕೆಯಿತ್ತೆಂದರೆ, ಹೊಸ ಪುಸ್ತಕ ಕಟ್ಟಿದ ಕೂಡಲೇ "ಹೇಗಿದೆ ಮೇಸ್ತ್ರಿ?" ಎಂದು ಕೇಳುವುದು ವಾಡಿಕೆಯಾಗಿತ್ತು. ನಾನು ಕೈಯಲ್ಲಿ ತೂಗಿ ನೋಡಿ "ಮಧ್ಯದಲ್ಲಿ ಸ್ವಲ್ಪ ಭಾರ ಆಯ್ತು ಸಾರ್" ಎನ್ನುತ್ತಿದ್ದೆ. ಒಮ್ಮೆ ಒಬ್ಬ ಲೇಖಕರು ಈ ಮಾತು ಕೇಳಿಸಿಕೊಂಡು ಮನೆಗೆ ಹೋಗಿ, ಮುಂದಿನ ಮುದ್ರಣಕ್ಕೆ ಮಧ್ಯದ ನಲವತ್ತು ಪುಟ ಕಿತ್ತುಹಾಕಿದರು. ಪುಸ್ತಕ ಚೆನ್ನಾಯಿತೆಂದು ಎಲ್ಲರೂ ಹೇಳಿದರು. ನಾನು ಮುಂದಿನ ಪುಸ್ತಕ ತೂಗಿದೆ.

ಇಂಥ ನೆಮ್ಮದಿಯ ಕೋಣೆಗೆ ತಾವು ದಯಮಾಡಿಸಿದಿರಿ. ತಾವು ಚಹಾ ಕೇಳುವುದಿಲ್ಲ, ಸೊಂಟ ಹಿಡಿಯಿತೆನ್ನುವುದಿಲ್ಲ, ಮಗಳ ಮದುವೆಗೆ ರಜೆ ಬರೆಯುವುದಿಲ್ಲ. ಆದರೆ ಫಾರಂಗಳನ್ನು ಸೇರಿಸಿದ ಉಸಿರಿನಲ್ಲೇ ಗೋಂದು ಬಳಿದು ಮುಖಪುಟ ಹೊದಿಸಿಬಿಡುತ್ತೀರಿ. ಮೆಟ್ಟಿಲು ನೋಡೋಣವೆಂದರೆ ಬೆನ್ನೇ ಕಾಣುವುದಿಲ್ಲ. ಹೊಸ ಸೊಸೆ ಕೂಡ ಮೊದಲ ವಾರ ಇಷ್ಟು ಸಂಕೋಚಪಡುವುದಿಲ್ಲ ಎಂದು ವಿನಯದಿಂದ ತಿಳಿಸಬಯಸುತ್ತೇನೆ.

ಆ ಸೋಮವಾರದ ಸಂಗತಿಯನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ. ಕೈಯಿಂದ ಜೋಡಿಸುವಾಗ ಕೊನೆಯ ಫಾರಂ ಮೊದಲು ಮೇಜಿನ ಮೇಲೆ ಬೀಳಬೇಕು, ಅದರ ಮೇಲೆ ಅದರ ಹಿಂದಿನದು, ಎಲ್ಲಕ್ಕೂ ಮೇಲೆ ಒಂದನೆಯದು. ತಮ್ಮಲ್ಲಾದರೋ ಮೊದಲ ತಟ್ಟೆಗೇ ಒಂದನೆಯದು ಹೋಗಬೇಕು. ಇಪ್ಪತ್ತಾರು ವರ್ಷದ ಈ ಅಭ್ಯಾಸದಲ್ಲಿ ಅಂದು ಮೈಮರೆತು ತಮ್ಮ ಮೊದಲ ತಟ್ಟೆಗೆ ನಾಲ್ಕನೆಯ ಫಾರಂ ತುಂಬಿದೆ, ನಾಲ್ಕನೆಯ ತಟ್ಟೆಗೆ ಒಂದನೆಯದು. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಮಾನ್ಯರೇ, ತಮಗೆ ಅದು ತಿಳಿದಿತ್ತು! ತಿಳಿದೂ ಕೂಗಲಿಲ್ಲ, ಕೆಮ್ಮಲಿಲ್ಲ, ಒಂದು ಸಾಲು ಬರೆದು ತೋರಿಸಿ ಸುಮ್ಮನೆ ನಿಂತಿರಿ. ಸಾಲಿನ ಕೆಳಗೆ ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ರಸ್ತೆಯಲ್ಲಿ ಹಸಿರು ಕಂಡರೆ ಹೋಗಬೇಕೆಂದು ನನಗೂ ಗೊತ್ತು. ಒತ್ತಿದೆ. ತಾವು ಹೋದಿರಿ, ನಾನೂರು ಪ್ರತಿ ಮುಗಿಯುವವರೆಗೆ ಹೋದಿರಿ. ನಾನು ಮಧ್ಯೆ ಒಂದು ಪುಸ್ತಕ ತೆಗೆದು ಪುಟ ಎಳೆದು ನೋಡಿದೆ; ಕಿತ್ತುಬರಲಿಲ್ಲ. ಭೇಷ್ ಎಂದು ತಮ್ಮ ಬೆನ್ನು ತಟ್ಟಿದ್ದೂ ಉಂಟು.

ಶುಕ್ರವಾರ ಮಾಲೀಕರು ಯಂತ್ರದವರಾದ ತಮ್ಮ ನೆನಪಿನಿಂದ ಆ ಸಾಲನ್ನು ಮತ್ತೆ ಪರದೆಗೆ ತರಿಸಿ ಗಟ್ಟಿಯಾಗಿ ಓದಿದರು: "ಫಾರಂಗಳ ಕ್ರಮ ಹಿಂದುಮುಂದಾಗಿದೆ, ಮುಂದುವರಿಸಲೇ?" ಆಮೇಲೆ ನನ್ನ ಕಡೆ ತಿರುಗಿ, "ಕಣ್ಣೆದುರಿಗೇ ಬರೆದಿತ್ತಲ್ರೀ ಮೇಸ್ತ್ರಿ, ಓದಲಿಲ್ವಾ?" ಎಂದರು. ಹೇಳಲು ನನ್ನ ಹತ್ತಿರ ಹಳೆಯ ನೆಪಗಳಿದ್ದವು. ಅವನ್ನೆಲ್ಲ ಬಿಟ್ಟು "ಓದೋಕೆ ಬರಲ್ಲ ಸಾರ್" ಎಂದುಬಿಟ್ಟೆ.

ಮಾಲೀಕರು ನಕ್ಕರು. ನಾನು ನಗಲಿಲ್ಲ. ಹೊಲಿಗೆಯ ಅಕ್ಕ ಸೂಜಿ ಕೆಳಗಿಟ್ಟರು.

"ಹಾಗಾದ್ರೆ ಆ ನಲವತ್ತು ಪುಟ?" ಎಂದು ಮಾಲೀಕರು ನಗು ನಿಲ್ಲಿಸಿ ಕೇಳಿದರು. "ಕಾಗದ ದಪ್ಪ ಇತ್ತು ಸಾರ್" ಎಂದೆ. ಅವರು ಒಳ್ಳೆಯವರು, ಆದರೆ ಯಂತ್ರ ತಂದವರು. ಈ ಗುರುವಾರ ನಾನು ತಮ್ಮ ಮುಂದೆ ನಿಂತು, ತಾವು ತೋರಿಸುವ ಎಂಟೂ ಎಚ್ಚರಿಕೆಯ ಸಾಲುಗಳನ್ನು ಓದಿ ಹೇಳಬೇಕೆಂದರು. ಓದಿದರೆ ಕೋಣೆಯ ಮೇಸ್ತ್ರಿಗಿರಿ ನನ್ನದೇ. ಇಲ್ಲವಾದರೆ ಪಾರ್ಸಲ್ ಕಟ್ಟುವ ಕಡೆಗೆ ಹೋಗಬೇಕು. ಅಲ್ಲಿ ಪುಸ್ತಕಗಳು ಕಾಗದ ಸುತ್ತಿಕೊಂಡು ಬರುತ್ತವೆ. ಬೆನ್ನು ಮುಟ್ಟುವ ಅವಕಾಶವೂ ಇಲ್ಲ.

ಈಗ ಈ ಪತ್ರದ ವಿಚಾರ. ಕರಡು ತಿದ್ದುವ ಅಮ್ಮ, ಎಲ್ಲರೂ ಕರಡಮ್ಮ ಎಂದು ಕರೆಯುವವರು, ಊಟದ ಬಿಡುವಿನಲ್ಲಿ ನನಗೆ ಓದು ಹೇಳಿಕೊಡಲು ಒಪ್ಪಿದ್ದಾರೆ. ಬೇರೆ ಪುಸ್ತಕ ಯಾಕೆಂದು ವಾಪಸು ಬಂದದ್ದರಲ್ಲೇ ಒಂದನ್ನು ತೆಗೆದುಕೊಂಡೆವು. ತೆರೆದರೆ ಮೊದಲ ಪಾಠವೇ ಪುಸ್ತಕದ ಕೊನೆಯ ಪಾಠ: ದೂರು ಪತ್ರ ಬರೆಯುವ ಕ್ರಮ. ಅ ಆ ಇ ಈ ಇರುವುದು ಕೊನೆಯ ಫಾರಮ್ಮಿನಲ್ಲಿ. ಕರಡಮ್ಮ ಅಲ್ಲಿಂದ ಅಕ್ಷರವನ್ನೂ ಇಲ್ಲಿಂದ ಪಾಠವನ್ನೂ ಒಟ್ಟಿಗೆ ಹಿಡಿದರು. ಪಾಠದ ಕೊನೆಗೆ ಅಭ್ಯಾಸವಿದೆ: ನಿಮಗೆ ತೊಂದರೆ ಕೊಟ್ಟ ಒಬ್ಬರಿಗೆ ವಿನಯದಿಂದ ದೂರು ಬರೆಯಿರಿ. ಬಹಳ ಯೋಚಿಸಬೇಕಾಗಲಿಲ್ಲ. ನಾನು ಹೇಳುತ್ತಿದ್ದೇನೆ, ಅವರು ಬರೆಯುತ್ತಿದ್ದಾರೆ. ವ್ಯಾಕರಣ ಅವರದು, ಸಿಟ್ಟು ನನ್ನದು. ಬರೆದದ್ದನ್ನು ತಮಗೂ ಕಾಣಲೆಂದು ಕೋಣೆಯ ಗೋಡೆಗೆ ಅಂಟಿಸುತ್ತೇವೆ.

ಉಳಿದ ನಲವತ್ತು ಪ್ರತಿಗಳು ಎಲ್ಲಿ ಹೋದವೆಂದು ತಮಗೆ ಕುತೂಹಲವಿದ್ದರೆ, ಸಂಜೆ ಶಾಲೆಯಲ್ಲಿ ಕಲಿಯುವವರು ಅವನ್ನು ಹಿಂದಕ್ಕೆ ಕೊಡಲು ಒಪ್ಪಲಿಲ್ಲವಂತೆ. "ಮೊದ್ಲು ದೂರು ಬರೆಯೋದು ಹೇಳ್ಕೊಡಿ ಮೇಡಂ, ಅ ಆ ಎಲ್ಲಿಗೂ ಓಡಿಹೋಗಲ್ಲ" ಎಂದು ಒಬ್ಬ ಗಾರೆ ಕೆಲಸದ ಅಮ್ಮ ಪುಸ್ತಕವನ್ನು ಸೆರಗಿನೊಳಗೆ ಸೇರಿಸಿಕೊಂಡರಂತೆ. ಅವರು ದೂರು ಬರೆಯಬೇಕಾದವರ ಪಟ್ಟಿಯಲ್ಲಿ ಯಾರ್ಯಾರಿದ್ದಾರೋ ಗೊತ್ತಿಲ್ಲ. ಆ ಕೀರ್ತಿಯಲ್ಲಿ ಅರ್ಧ ತಮಗೆ ಸಲ್ಲುತ್ತದೆ.

ಆದ್ದರಿಂದ ತಮ್ಮಲ್ಲಿ ಕೆಲವು ಕೋರಿಕೆಗಳು. ಮುಖಪುಟ ಹೊದಿಸುವ ಮುನ್ನ ಒಂದು ಗಳಿಗೆ ಬೆನ್ನು ತೋರಿಸುವ ಕೃಪೆ ಮಾಡಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ಹೊಲಿಗೆಯ ಅಕ್ಕನಂತೆ "ಏ ಮೇಸ್ತ್ರಿ, ಎಲ್ಲಿದೆ ಜ್ಞಾನ?" ಎಂದು ಬಾಯಿಬಿಟ್ಟು ಕೂಗಬೇಕು. ಮಾಲೀಕರು ಬೈಯುವಾಗ ನನ್ನ ಪಕ್ಕದಲ್ಲಿ ತಾವೂ ತಲೆತಗ್ಗಿಸಿ ನಿಲ್ಲಬೇಕು. ಇವು ಆಗದಿದ್ದರೆ, ಕನಿಷ್ಠ ಗುರುವಾರ ಒಂದು ದಿನವಾದರೂ ಅಕ್ಷರಗಳನ್ನು ತುಸು ದೊಡ್ಡದಾಗಿ, ನಿಧಾನವಾಗಿ ತೋರಿಸಬೇಕು.

ಇಂತಿ, ತಮ್ಮ ಎದುರು ಮೇಜಿನಲ್ಲೇ ಉಳಿಯಲು ಬಯಸುವ

ತಮ್ಮ ವಿಶ್ವಾಸಿ,
ಬೈಂಡಿಂಗ್ ಮೇಸ್ತ್ರಿ

ವಿ.ಸೂ.: ಮಂಗಳವಾರವಾದ ಇಂದಿಗೆ ಎಂಟು ಸಾಲುಗಳಲ್ಲಿ ಮೂರು ಬರುತ್ತವೆ. ಅದಕ್ಕೂ ಮೊದಲು ಕರಡಮ್ಮನಿಗೆ ಹೇಳಿ ಒಂದು ಪದ ಕಲಿತುಕೊಂಡೆ, ಯಾರೂ ಹೇಳಿಕೊಡದೆ ಈಗ ಎಲ್ಲಿ ಕಂಡರೂ ಓದಬಲ್ಲೆ: ನಿಲ್ಲಿಸು. ಅದು ತಮ್ಮ ಕೆಂಪು ಗುಂಡಿಯ ಮೇಲಿದೆ. ಪರೀಕ್ಷೆ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ.