ಮುಳ್ಳು ಎಪ್ಪತ್ತರಲ್ಲಿರಲಿ

ಬುನ್‌ಸೋಂಗನನ್ನು ಅವನ ಸ್ವಂತ ಮಂಚದಿಂದ ಎಬ್ಬಿಸಿ ಜಗಲಿಗೆ ಅಟ್ಟಿದ್ದು ಕಿರುಬೆರಳಿಗಿಂತ ಗಿಡ್ಡವಾದ ಆರು ಗಾಂಜಾ ಸಸಿಗಳು.

ಮನೆಯಲ್ಲಿ ಬೆಳೆಸಿಕೊಳ್ಳಿ ಅಂತ ಸರ್ಕಾರವೇ ಅಪ್ಪಣೆ ಕೊಟ್ಟ ಮೇಲೆ ಲಂಪಾಂಗ್ ಊರಿನ ನೂಡಲ್ ಅಂಗಡಿಯವರೆಲ್ಲ ಸಾರಿಗೆ ಒಂದೊಂದು ಎಲೆ ಹಾಕತೊಡಗಿದ್ದರು. ಅವನ ಹೆಂಡತಿ ವಿಲೈಯ ಅಂಗಡಿ ಹಿಂದೆ ಬೀಳುವುದುಂಟೇ? ಕಾಗದದ ಲೋಟಗಳಲ್ಲಿ ಬೀಜ ಊರಿದಳು, ಮೊಳೆತ ಮೇಲೆ ಪ್ಲಾಸ್ಟಿಕ್ ಮುಚ್ಚಳ ಕವುಚಿದಳು, ಪಕ್ಕದಲ್ಲಿ ಗಾಳಿಯ ತೇವ ತೋರಿಸುವ ಮುಳ್ಳಿನ ಮಾಪಕ ಇಟ್ಟಳು. ಮನೆಯಲ್ಲಿ ಏಸಿ ಇದ್ದ ಒಂದೇ ಒಂದು ಕೋಣೆ ಬಾಣಂತಿಯ ಕೋಣೆಯಾಯಿತು. ಗಾಳಿಯ ತೇವ ಹೀರುತ್ತದೆ ಅಂತ ಏಸಿ ಬಂದ್, ರಿಮೋಟ್ ಮಾಯ. ಏಪ್ರಿಲ್ ಧಗೆಯಲ್ಲಿ ಬುನ್‌ಸೋಂಗ್ ಜಗಲಿಯಲ್ಲಿ ಸೊಳ್ಳೆಗಳಿಗೆ ಊಟವಾಗಿ ಬಿದ್ದಿದ್ದ. ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲುಗಳ ಮೇಲೆ ಹುಂಜ ಬರೆಯುವುದು ಅವನ ಕೆಲಸ; ನಿದ್ದೆಗೆಟ್ಟ ಅವನ ಕೈಯಲ್ಲಿ ಇತ್ತೀಚೆಗೆ ಹುಂಜಗಳೆಲ್ಲ ತೂಕಡಿಸುತ್ತಲೇ ಹುಟ್ಟುತ್ತಿದ್ದವು.

ಹೊಸವರ್ಷದ ನೀರಾಟದ ಹಬ್ಬ ಸೋಂಗ್‌ಕ್ರಾನ್‌ನ ಬೆಳಗ್ಗೆ ವಿಲೈ ತಾಯಿಯ ಕೈಗೆ ನೀರೆರೆದು ಆಶೀರ್ವಾದ ಪಡೆಯಲು ಅಕ್ಕನ ಊರಿಗೆ ಹೊರಟಳು.

"ಇವತ್ತೊಂದಿನ ಕಾದ್ರೆ ಸಾಕು. ನಾಳೆ ಹಿತ್ತಲ ನೆರಳಿಗೆ ಹಾಕ್ತೀನಿ. ಮಂಚ ನಿಮ್ದು, ಏಸಿ ನಿಮ್ದು. ಸತ್ತವೋ, ಮತ್ತೆ ಬೀಜ, ಮತ್ತೆ ಜಗಲಿ."

"ನೀರು ಹಾಕ್ಲಾ?"

"ಹಾಕಿದ್ರೆ ಕೈ ಮುರೀತೀನಿ. ಮಣ್ಣಲ್ಲಿ ನೀರಿದೆ, ಇನ್ನೂ ಸುರಿದ್ರೆ ಬೇರು ಕೊಳೆಯುತ್ತೆ. ತೇವ ಬೇಕಿರೋದು ಗಾಳಿಗೆ. ಮುಳ್ಳು ಎಪ್ಪತ್ತರ ಹತ್ರ ಇರ್ಲಿ. ಇಳಿದ್ರೆ ಸ್ಪ್ರೇ ಬಾಟಲಲ್ಲಿ ಗಾಳಿಗೆ ಪುಸ್ ಪುಸ್ ಅನ್ಸಿ, ಅಷ್ಟೇ."

ಇಡೀ ದೇಶ ಕಂಡಕಂಡವರ ಮೇಲೆ ನೀರೆರಚುವ ದಿನ ಆರು ಸಸಿಗೆ ಹನಿ ತಾಗದಂತೆ ಕಾಯುವುದೆಂದರೆ ಮದುವೆಮನೆಯಲ್ಲಿ ಉಪವಾಸ ಕೂತ ಹಾಗೆ. ವಿಲೈಯ ಬಸ್ಸು ತಿರುವು ದಾಟಿತ್ತೋ ಇಲ್ಲವೋ, ಪಕ್ಕದ ಮನೆಯ ಖಾಂಪನ್ ಅಜ್ಜಿ ಬೆಳ್ಳಿ ಬಟ್ಟಲಲ್ಲಿ ಮಲ್ಲಿಗೆ ನೀರು ಹಿಡಿದು ಬಂದಳು. ಅಷ್ಟರಲ್ಲಾಗಲೇ ಅವಳು ಎರಡು ನಾಯಿ, ಒಂದು ಮೋಟಾರ್ ಬೈಕನ್ನು ಹರಸಿ ಮುಗಿಸಿದ್ದಳು.

"ಎಲ್ಲಪ್ಪಾ ನಿಮ್ಮ ಮಕ್ಕಳು? ತಲೆ ಮೇಲೆ ಒಂಚೂರು ಬಿಟ್ಟು ಹೋಗ್ತೀನಿ."

"ಅವಕ್ಕೆ ನೀರಾಗಲ್ಲ ಅಜ್ಜಿ."

"ನೀರಾಗದ ಗಿಡ ಯಾವ್ದಯ್ಯಾ? ನಿನ್ನ ಹೆಂಡ್ತಿ ಕಲ್ಲು ಬಿತ್ತಿದಾಳಾ?"

ಅಜ್ಜಿಯ ಹಿಂದೆಯೇ ನಿವೃತ್ತ ಅಂಚೆಯವ ಚಲೋಂ ಬಂದ. ಜಗಲಿಯ ಮೇಲಿದ್ದ ಸ್ಪ್ರೇ ಬಾಟಲಿ ಎತ್ತಿಕೊಂಡು, "ಒಳ್ಳೆ ಪಿಸ್ತೂಲು ಇದು. ಸಂಜೆ ವಾಪಸ್ ಕೊಡ್ತೀನಿ," ಅಂದವನೇ ಬೀದಿಗಿಳಿದ. ಎದುರಿನ ಕ್ಷೌರದಂಗಡಿಯ ಪಿಂಪಾ ಪೈಪನ್ನೇ ಎಳೆದು ತಂದಿದ್ದಳು. "ಕಿಟಕಿ ತೆಗಿ ಅಣ್ಣ, ದೂರದಿಂದ್ಲೇ ಬಿಡ್ತೀನಿ, ಹನಿಹನಿಯಾಗಿ."

ಬುನ್‌ಸೋಂಗ್ ಒಳಗೆ ನುಗ್ಗಿ ಬಾಗಿಲು ಹಾಕಿ, ಕಿಟಕಿ ಭದ್ರ ಮಾಡಿ, ಉಸ್ಸಪ್ಪಾ ಅಂತ ಮಂಚದ ಮೇಲೆ ಕುಕ್ಕರಿಸಿದ. ಕೆಳಗೆ ಏನೋ ಗಟ್ಟಿಯಾಗಿ ಒತ್ತಿತು. ಹಾಸಿಗೆ ಎತ್ತಿ ನೋಡಿದರೆ ರಿಮೋಟ್.

ಅದನ್ನು ಅವನು ಕಳೆದುಹೋದ ಮಗ ಸಿಕ್ಕಂತೆ ಎದೆಗೊತ್ತಿಕೊಂಡ. ಐದೇ ನಿಮಿಷ, ಅಂತ ತನಗೆ ತಾನೇ ಹೇಳಿಕೊಂಡ. ತಣ್ಣನೆ ಗಾಳಿ ಬಂದಾಗ ಮನಸ್ಸೂ ಮೆತ್ತಗಾಯಿತು. ಪಾಪ, ಅವಕ್ಕೂ ಸೆಖೆಯಲ್ಲವೇ ಎಂದು ಸಸಿಗಳ ಮುಚ್ಚಳ ತೆಗೆದಿಟ್ಟ. ಆಮೇಲೆ ಹಾಲು ಕುಡಿದ ಕೂಸಿನಂತೆ ಮಲಗಿಬಿಟ್ಟ.

ಎಚ್ಚರವಾದಾಗ ಮೂಗು ತಣ್ಣಗಾಗಿತ್ತು, ಬಿಸಿಲು ವಾಲಿತ್ತು, ಮುಳ್ಳು ಮೂವತ್ತೊಂದರಲ್ಲಿ ನಿಂತಿತ್ತು. ಆರೂ ಸಸಿಗಳು ಶಾಲೆಯಲ್ಲಿ ಬೈಸಿಕೊಂಡು ಬಂದ ಮಕ್ಕಳಂತೆ ತಲೆ ತಗ್ಗಿಸಿದ್ದವು. ಬೀದಿಯಲ್ಲಿ ನೀರು ಹೊಳೆಯಾಗಿ ಹರಿಯುತ್ತಿದೆ, ಒಳಗೆ ಇವು ಒಣಗಿ ಸಾಯುತ್ತಿವೆ. ಮಣ್ಣು ಮುಟ್ಟಿದ, ಒದ್ದೆಯೇ ಇತ್ತು. ಅಲ್ಲಿಗೆ ನೀರು ಸುರಿಯುವ ಹಾಗೂ ಇಲ್ಲ. ಮುಚ್ಚಳ ಮತ್ತೆ ಕವುಚಹೋದರೆ ಬಾಗಿದ ಕಾಂಡಗಳು ಅಂಚಿಗೆ ಸಿಕ್ಕಿ ಮುರಿಯುವಂತಿದ್ದವು. ಏಸಿ ಆರಿಸಿ ಒದ್ದೆ ಟವೆಲ್ ಹರವಿದ. ಮುಳ್ಳು ಒಂದು ಗೆರೆ ಏರಿ, ಸಾಕಾಯಿತು ಅನ್ನುವಂತೆ ನಿಂತಿತು.

ಸ್ಪ್ರೇ ಬಾಟಲಿಗಾಗಿ ಬೀದಿಗೆ ಓಡಿದ. ನಾಲ್ಕು ಹೆಜ್ಜೆಗೆ ನಾಲ್ಕು ಬಕೆಟ್ ಬಿದ್ದವು.

"ಬಾಟಲಿ ಕೊಡಿ ಚಲೋಂ ಮಾವ, ಪ್ರಾಣದ ಪ್ರಶ್ನೆ."

"ತಗೋ. ಹಬ್ಬಕ್ಕೆ ಕೆನ್ನೆಗೆ ಬಳಿಯೋ ಬಿಳಿಮಣ್ಣು ಕಲಸಿ ತುಂಬಿದೀನಿ, ಚೆನ್ನಾಗಿ ಹಾರುತ್ತೆ," ಅಂತ ಮಾದರಿಗೆ ಇವನ ಮುಖಕ್ಕೇ ಹಾರಿಸಿ ತೋರಿಸಿದ. ಅಷ್ಟಕ್ಕೇ ಬಾಟಲಿಯ ಮೂತಿ ಮಣ್ಣು ಕಟ್ಟಿಕೊಂಡು ನಿಂತುಹೋಯಿತು.

ಸುಣ್ಣ ಬಳಿದ ಗೋಡೆಯಂತಾಗಿ, ತೊಟ್ಟಿಕ್ಕುತ್ತ ಕೋಣೆಗೆ ಮರಳಿದ ಬುನ್‌ಸೋಂಗ್ ಸಸಿಗಳ ಮುಂದೆ ನಿಂತು ಮನಸ್ಸಿನಲ್ಲೇ ಕ್ಷಮೆ ಕೇಳಿದ. ಆಗ ಮುಳ್ಳು ಅಲುಗಿತು. ಮೂವತ್ತನಾಲ್ಕು. ಇನ್ನಷ್ಟು ಹತ್ತಿರ ಸರಿದ. ಮೂವತ್ತೇಳು. ಟವೆಲ್ಲಿಗೆ ಮೈಬಿಸಿ ಇಲ್ಲ, ತನಗಿದೆ! ಒಬ್ಬ ಒದ್ದೆ ಮನುಷ್ಯ ಐದಾರು ಗೆರೆ ಏರಿಸಿದರೆ...

ಜಗಲಿಗೆ ಬಂದು ಬೀದಿಗೆ ಕೂಗಿ ಹೇಳಿದ: "ಒಳಗೆ ಏಸಿ ಇದೆ. ಬನ್ನಿ, ಕೂತ್ಕೊಳ್ಳಿ."

ಮಾತು ಮುಗಿಯುವಷ್ಟರಲ್ಲಿ ಅಜ್ಜಿ ಮಂಚದ ಮೇಲಿದ್ದಳು. ಚಲೋಂ, ಪಿಂಪಾ, ಅವಳ ಅಂಗಡಿಯಲ್ಲಿ ಅರ್ಧ ಕ್ಷೌರವಾಗಿದ್ದ ಗಿರಾಕಿ, ಬೀದಿಯ ಇನ್ನೂ ಮೂರು ನಾಲ್ಕು ಜನ ಸಂದುಗೊಂದುಗಳಲ್ಲಿ ತುಂಬಿಕೊಂಡರು.

"ಮೈ ಒರೆಸ್ಕೋಬೇಡಿ," ಅಂದ ಬುನ್‌ಸೋಂಗ್. "ಹಬ್ಬದ ನೀರು ಮೈಮೇಲೇ ಆರಬೇಕು."

"ನಮ್ಮ ಕಾಲದಲ್ಲೂ ಹಾಗೇ ಇತ್ತು," ಅಂದಳು ಅಜ್ಜಿ. ಇರಲಿಲ್ಲ, ಆದರೆ ಹಳೆಯ ಕಾಲದ ಮಾತು ಬಂದರೆ ಒಪ್ಪಿಕೊಳ್ಳುವುದು ಅವಳ ಅಭ್ಯಾಸ.

ಅವನು ಬಾಗಿಲು ಭದ್ರ ಮಾಡಿದ.

"ಏಸಿ ಎಲ್ಲಿ?" ಚಲೋಂ ಕೇಳಿದ.

"ಅಲ್ಲೇ ಗೋಡೆ ಮೇಲಿದೆಯಲ್ಲ. ಇದೆ ಅಂದೆ. ಹಾಕ್ತೀನಿ ಅಂದೆನಾ?"

"ಅಣ್ಣ, ನಾವೇನು ಬಿದಿರು ಬುಟ್ಟೀಲಿ ಬೇಯೋ ಅಂಟಕ್ಕೀನಾ?" ಅಂದಳು ಪಿಂಪಾ. ಹಾಗೇ ಬೇಯುತ್ತಿದ್ದರು. ಕನ್ನಡಿ ಮಂಜಾಯಿತು. ಮುಳ್ಳು ಐವತ್ತು ದಾಟಿತು.

"ಸ್ವಲ್ಪ ಹರಟೆ ಹೊಡೀರಿ, ಬಾಯಿಂದ್ಲೂ ತೇವ ಬರುತ್ತೆ. ನಾನೊಬ್ಬನೇ ಐದು ಗೆರೆ ಏರಿಸಿದೀನಿ, ಗೊತ್ತಾ?"

ಆ ಬೀದಿಯವರಿಗೆ ಹರಟೆ ಹೊಡೆಯಿರಿ ಅಂತ ಯಾರೂ ಎರಡು ಸಲ ಹೇಳಬೇಕಾಗಿಲ್ಲ. ಅರವತ್ತು. ಈ ಗದ್ದಲದಲ್ಲಿ ಅಜ್ಜಿ ಮೆಲ್ಲನೆ ಬೆಳ್ಳಿ ಬಟ್ಟಲನ್ನು ಸಸಿಗಳತ್ತ ಬಾಗಿಸಿದಳು. ಬುನ್‌ಸೋಂಗ್ ಹಾರಿ ಅಡ್ಡಬಂದು ಆ ಆಶೀರ್ವಾದವನ್ನು ತನ್ನ ನೆತ್ತಿಯ ಮೇಲೆ ಹಿಡಿದುಕೊಂಡ. ಅರವತ್ತಾರು. ಮೊದಲು ಒಂದು ಸಸಿ ತಲೆಯೆತ್ತಿತು. ಆಮೇಲೆ ಇನ್ನೊಂದು. ಎಪ್ಪತ್ತರ ಹೊತ್ತಿಗೆ ಆರೂ ನೆಟ್ಟಗೆ ನಿಂತಿದ್ದವು.

ಆಗಲೇ ಬಾಗಿಲು ಬಡಿದ ಸದ್ದಾಯಿತು. ವಿಲೈ.

ತನ್ನ ಹಾಸಿಗೆಯ ಮೇಲೆ ಸಾಲಾಗಿ ಕೂತ ಒದ್ದೆ ಬೀದಿಯನ್ನು ಅವಳು ನೋಡಿದಳು. ನೇರ ಸಸಿಗಳ ಹತ್ತಿರ ಹೋಗಿ ಬಗ್ಗಿದಳು. ಬುನ್‌ಸೋಂಗ್ ಉಸಿರು ಹಿಡಿದು ನಿಂತ.

"ಮುಳ್ಳು ಎಪ್ಪತ್ತೊಂದು," ಅಂದಳು ಮೆತ್ತಗೆ. "ನಾನು ಗಂಟೆಗೊಂದ್ಸಲ ಎದ್ದೆದ್ದು ಸ್ಪ್ರೇ ಮಾಡಿ ಸತ್ತೋಗ್ತಿದ್ದೆ. ಇದು ಹೇಗೆ ಮಾಡಿದ್ರಿ?"

"ನಿನ್ನ ಗಂಡನ ಉಪಾಯ ಕಣಮ್ಮ," ಅಂದಳು ಅಜ್ಜಿ. "ಒದ್ದೆಯಾದ್ರೆ ಒಬ್ಬನೇ ಐದು ಗೆರೆ ಏರಿಸ್ತಾನಂತೆ."

ವಿಲೈ ಗಂಡನನ್ನು ಹೊಸ ಪಾತ್ರೆ ನೋಡುವಂತೆ ಅಡಿಯಿಂದ ಮುಡಿಯವರೆಗೆ ನೋಡಿದಳು.

ಎಲ್ಲರೂ ಹೋದ ಮೇಲೆ ಹೇಳಿದಳು: "ಅಕ್ಕನ ಸಸಿ ಹಿತ್ತಲಿಗಿಟ್ಟ ದಿನವೇ ಸುಟ್ಟೋದ್ವಂತೆ. ಮಳೆ ಹಿಡಿಯೋ ತನಕ ಇವು ಒಳಗೇ ಇರ್ಲಿ."

ಬುನ್‌ಸೋಂಗನ ಮುಖ ಸಸಿಯಂತೆ ಬಾಗಿತು.

"ನೀವೂ ಇವತ್ತಿಂದ ಇಲ್ಲೇ ಮಲಗಿ."

ಮುಖ ಮತ್ತೆ ಎದ್ದು ನಿಂತಿತು. ಅಜ್ಜಿ ಮರೆತುಹೋದ ಬೆಳ್ಳಿ ಬಟ್ಟಲಲ್ಲಿ ವಿಲೈ ಮಲ್ಲಿಗೆ ನೀರು ತಂದು, ಅವನ ಹೆಗಲ ಮೇಲೆ ತೆಳ್ಳಗೆ ಬಿಟ್ಟು, "ಆರೋಗ್ಯವಾಗಿರಿ, ನೂರು ಕಾಲ ಬಾಳಿ," ಅಂದಳು. ಮದುವೆಯಾದಾಗಿನಿಂದ ಅವಳು ಇಷ್ಟು ಮೃದುವಾಗಿ ಮಾತಾಡಿದ್ದಿಲ್ಲ. ಅವನ ಕಣ್ಣು ತುಂಬಿತು.

ಅವಳು ತಿರುಗಿ ಮಾಪಕ ನೋಡಿದಳು. "ಅರವತ್ತೆರಡು," ಅಂದು ಹೊರಗೆ ಹೋದವಳು ತುಂಬಿದ ಬಕೆಟ್ ಹಿಡಿದು ಬಂದಳು.

"ವಿಲೈ, ನಾನು ಜಗಲೀಲೇ..."

"ಜಗಲೀಲಿ ಗಾಳಿಯಾಡುತ್ತೆ. ಒಣಗಿಬಿಡ್ತೀರ," ಅಂದು ಬಕೆಟ್ ಎತ್ತಿದಳು.